ಮೂರು ಎಲೆಅಡಿಕೆಯ ಹೊತ್ತು

ನಾನು ನೆಲ ನೋಡಿಕೊಂಡು ನಡೆಯುವವನು. ಇದನ್ನು ವಿನಯವೆಂದು ತಿಳಿದು ಕೆಲವರು ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ಅವರನ್ನು ತಿದ್ದಲು ನಾನು ಹೋಗಿಲ್ಲ. ನಿಜವೇನೆಂದರೆ ಹಾವು ಇದ್ದೀತು, ಮುಳ್ಳು ಇದ್ದೀತು, ಗಾಜಿನ ಚೂರು ಇದ್ದೀತು, ಏನೂ ಇಲ್ಲದಿದ್ದರೂ ಜಾರಿಕೆ ಇದ್ದೀತು ಎಂಬ ಭಯ. ಅಜ್ಜಂಪುರದಲ್ಲಿ ನಮ್ಮದು ಕೊಬ್ಬರಿ, ಕಡಲೆಕಾಯಿಯ ಅಂಗಡಿ. ಅಂಗಡಿಯಿಂದ ಮನೆಗೆ ನಾನು ನಡೆದು ಬರುವುದನ್ನು ಜಗುಲಿಯಿಂದಲೇ ನೋಡಿ ನಮ್ಮಮ್ಮ, "ಏನೋ ಕಳ್ಕೊಂಡಿದ್ದೀಯ? ಹೇಳು, ನಾನೂ ಹುಡುಕ್ತೀನಿ" ಎನ್ನುತ್ತಿದ್ದಳು. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಈ ಅಭ್ಯಾಸದಿಂದ ಇನ್ನೊಬ್ಬರಿಗೆ ಉಪಯೋಗವಾದದ್ದು ಇಷ್ಟು ವರ್ಷದಲ್ಲಿ ಒಂದೇ ಸಲ.

ನನಗೆ ಮೊದಲ ನೌಕರಿ ಸಿಕ್ಕಿದ್ದು ಬುಕ್ಕಾಂಬುಧಿ ಕೆರೆಯಿಂದಾಚೆಗಿನ ಒಂದು ಹಳ್ಳಿಯ ಪ್ರೈಮರಿ ಶಾಲೆಯಲ್ಲಿ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಡುಪ್ರಾಣಿಗಳನ್ನು ಕೊಲ್ಲಬಾರದೆಂಬ ಕಾನೂನು ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ನಾನು ಬಾಡಿಗೆಗೆ ಹಿಡಿದದ್ದು ಒಬ್ಬ ರೈತರ ಮನೆಯ ಹೊರಗಿನ ಕೋಣೆ. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಐವತ್ತೈದು ದಾಟಿದ ಆಳು, ಒಂದಿಷ್ಟು ಹೊಲ, ನಾಲ್ಕು ಸಾಲು ತೆಂಗು, ಮತ್ತು ನಡುಮನೆಯ ಬಾಗಿಲ ಮೇಲೆ ಅವರಪ್ಪನ ಕಾಲದ ಒಂದು ಬಿದಿರಿನ ಬಿಲ್ಲು. ಅವರು ಮಾಂಸ ತಿನ್ನುವವರು, ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಮನೆಗೆ ಬರೆದ ಕಾಗದದಲ್ಲಿ "ದೊಡ್ಡ ಮನೆತನ, ಒಳ್ಳೇ ಗಾಳಿ ಬೆಳಕು" ಎಂದಷ್ಟೇ ತಿಳಿಸಿದ್ದೆ.

ಆ ಊರಿನಲ್ಲಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು, ಗಂಡಸರು ಗುಡ್ಡಕ್ಕೆ ಬೇಟೆಗೆ ಹೋಗುತ್ತಿದ್ದರು. ಅದಕ್ಕೆ ಅವರದೇ ಒಂದು ಕಟ್ಟಳೆ. ಬಾಣ ತಾಗಿದ ಪ್ರಾಣಿಯನ್ನು ಹೊತ್ತು ಮುಳುಗುವುದರೊಳಗೆ ಹುಡುಕಿ ತರಬೇಕು. ಗಾಯ ಮಾಡಿ ಬಿಟ್ಟುಬಂದರೆ ಅದು ಪೊದೆಯೊಳಗೆ ಬಿದ್ದು ನರಳುತ್ತದೆ, ಆ ನರಳಾಟ ಬಾಣ ಬಿಟ್ಟವನ ಲೆಕ್ಕಕ್ಕೆ. ಒಂದು ವರ್ಷ ತಪ್ಪಿದರೆ ಊರು ಕ್ಷಮಿಸುತ್ತದೆ. ಮೇಲಿಂದ ಮೇಲೆ ಎರಡು ವರ್ಷ ತಪ್ಪಿದರೆ ಹೆದೆ ಬಿಚ್ಚಿ, ಬಿಲ್ಲನ್ನು ಊರ ಮುಂದಿನ ಗುಡಿಯ ಮಾಡಿಗೆ ಸಿಕ್ಕಿಸಿ ಬರಬೇಕು. ಆಮೇಲೆ ಆ ಮನೆಯವರು ಬಿಲ್ಲು ಹಿಡಿಯುವಂತಿಲ್ಲ. ಹಿಂದಿನ ವರ್ಷ ಯಜಮಾನರ ಬಾಣ ತಾಗಿದ ಒಂದು ಜಿಂಕೆ ಕೈತಪ್ಪಿತ್ತು.

ಇದನ್ನು ನೆನಪಿಸಲೆಂದೇ ಅವರ ಭಾಮೈದ ಚೌಳಹಿರಿಯೂರಿನಿಂದ ಹಬ್ಬಕ್ಕೆ ಬಂದಿದ್ದ. ಯಜಮಾನತಿಯ ತಮ್ಮ. ಅವನ ಹತ್ತಿರ ಲೈಸೆನ್ಸ್ ಇದ್ದ ಒಂದು ನಾಡಕೋವಿ ಇತ್ತು. ಅದು ಸಿಡಿದದ್ದನ್ನು ಯಾರೂ ಕೇಳಿರಲಿಲ್ಲ, ಅದರ ವಿಷಯ ಕೇಳದವರೂ ಇರಲಿಲ್ಲ.

"ಅಕ್ಕ, ನಾಳೆ ಸಂಜೆಗೆ ಬಾಗ್ಲು ಮ್ಯಾಲೆ ಜಾಗ ಖಾಲಿ ಆಯ್ತದೆ ಕಣೇ. ನನ್ ಕೋವಿ ತಂದು ಇಡ್ಲಾ?" ಎಂದ, ಹೋಳಿಗೆ ಮುರಿಯುತ್ತ.

"ಇಡು, ಇಲಿ ಮರಿ ಹಾಕಕ್ಕೆ ಜಾಗ ಇಲ್ದೆ ಒದ್ದಾಡ್ತಾವೆ" ಎಂದಳು ಅಕ್ಕ. "ಬಾಯಲ್ಲಿ ತುಪ್ಪ ಐತೆ, ಮೊದ್ಲು ನುಂಗು."

ಯಜಮಾನರು ನಗಲಿಲ್ಲ. ಸಂಜೆ ಎಲ್ಲರೂ ಅಂಗಳಕ್ಕೆ ಬಂದು ಹಬ್ಬದ ಚಂದ್ರನಿಗೆ ಕಾದೆವು. ನನಗೆ ಬೇಗ ಕಂಡಿತು, ಉಗುರಿನಷ್ಟು ತೆಳ್ಳಗೆ, ಹೊಂಗೆ ಮರದ ಎಡಕ್ಕೆ. ಯಜಮಾನರು, "ಕಂಡ್ತಾ ಮೇಷ್ಟ್ರೇ? ಹೌದು ಹೌದು, ಕಂಡ್ತು" ಎಂದು ಕೈಮುಗಿದರು. ಅವರು ಕೈಮುಗಿದದ್ದು ಮರದ ಬಲಕ್ಕೆ. ಚಂದ್ರನ ವಿಷಯದಲ್ಲಿ ಹಿರಿಯರ ಜೊತೆ ಯಾಕೆ ವಾದ ಎಂದು ನಾನು ಸುಮ್ಮನಾದೆ.

ಒಳಗೆ ಹೋಗುವಾಗ ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು. "ನಾಳೆ ಗುಡ್ಡಕ್ಕೆ ನನ್ ಜೊತೆ ಬನ್ನಿ."

"ನಾನು ಬಂದು ಏನ್ಮಾಡ್ಲಿ ಯಜಮಾನ್ರೇ? ಓಡಕ್ಕೂ ಬರಲ್ಲ, ಕೂಗಕ್ಕೂ ಬರಲ್ಲ."

"ನೋಡಕ್ಕೆ ಬತ್ತದಲ್ಲ, ಸಾಕು. ನೀವು ನೆಲ ನೋಡ್ಕಂಡ್ ನಡೀತೀರ. ನಮ್ಮೋರೆಲ್ಲ ಮೋಡ ನೋಡ್ಕಂಡ್ ಹೋಯ್ತಾರೆ, ಗುಂಡಿಗೆ ಬೀಳ್ತಾರೆ."

ಮಠದ ಸ್ವಾಮಿಗಳಿಗೆ ಗೊತ್ತಾದರೆ? ಶಾಲಾ ಇನ್ಸ್‌ಪೆಕ್ಟರಿಗೆ ಗೊತ್ತಾದರೆ? ಅಮ್ಮನಿಗೆ ಗೊತ್ತಾದರೆ? ಈ ಮೂರರ ಜೊತೆಗೆ ಕರಡಿ ಬಂದರೆ ಎಂಬುದೂ ಸೇರಿ, ಇಲ್ಲ ಎನ್ನಲು ನಾಲ್ಕು ಕಾರಣ ಸಿದ್ಧವಾದವು. ಬಾಯಿಂದ ಬಂದದ್ದು ಮಾತ್ರ, "ಎಷ್ಟು ಹೊತ್ತಿಗೆ?" ಹೆದರುವವರಿಗೆ ಇದೊಂದು ಶಾಪ. ಬರುವುದಿಲ್ಲ ಎನ್ನುವುದಕ್ಕೂ ಧೈರ್ಯ ಬೇಕು.

ಬೆಳಿಗ್ಗೆ ಊರಿನವರೆಲ್ಲ ತಮಟೆ, ಡಬ್ಬ ಹಿಡಿದು ಪ್ರಾಣಿ ಎಬ್ಬಿಸಲು ಗುಡ್ಡದ ಆ ಮಗ್ಗುಲಿಗೆ ಹೋದರು. ಈ ಮಗ್ಗುಲಿನ ಕಣಿವೆಯಲ್ಲಿ ಉಳಿದವರು ನಾವು ಮೂವರು: ಬಂಡೆಯ ಮರೆಯಲ್ಲಿ ಬಿಲ್ಲು ಹಿಡಿದ ಯಜಮಾನರು, ಕೋವಿಯನ್ನು ಕೊಡೆಯಂತೆ ಹೆಗಲಿಗೆ ಹಾಕಿಕೊಂಡ ಭಾಮೈದ, ಮತ್ತು ಬಿಳಿ ಅಂಗಿ ತೊಟ್ಟು ಬಂದು ಇಬ್ಬರಿಂದಲೂ ಬೈಸಿಕೊಂಡ ನಾನು.

ಜಿಂಕೆ ಬಂದದ್ದು ನನಗೆ ಗೊತ್ತೇ ಆಗಲಿಲ್ಲ, ನಾನು ಇರುವೆ ಸಾಲು ನೋಡುತ್ತಿದ್ದೆ. ಹೆದೆ ಮಿಡಿದ ಸದ್ದು, ಗೊರಸಿನ ಸದ್ದು, ತಲೆಯೆತ್ತುವಷ್ಟರಲ್ಲಿ ಒಂದು ಗಂಡು ಜಿಂಕೆ ಬಂದರಿಕೆ ಪೊದೆಗಳನ್ನು ಸೀಳಿಕೊಂಡು ಹೋಗಿತ್ತು.

"ತಾಗ್ತು" ಎಂದರು ಯಜಮಾನರು. "ಯಾರೂ ಅಲ್ಲಾಡ್ಬೇಡಿ. ಮೇಷ್ಟ್ರೇ, ಅದು ನಿಂತಿದ್ದ ಜಾಗಕ್ಕೆ ಹೋಗಿ. ಬಾಣ ಸಿಕ್ತದೆ. ಅದರ ಬಣ್ಣ ಹೇಳಿ."

ಬಾಣ ಸಿಕ್ಕಿತು, ಜಿಂಕೆಯನ್ನು ಹಾದು ಕಲ್ಲಿಗೆ ಬಡಿದು ಬಿದ್ದಿತ್ತು. ನಾನು ಅದನ್ನು ಕರ್ಚೀಫಿನಲ್ಲಿ ಹಿಡಿದು ಎತ್ತಿ, "ಕೆಂಪು" ಎಂದೆ.

"ಕೆಂಪು ಅಂತ ನಂಗೂ ಗೊತ್ತು ಕಣ್ರೀ. ಯಾವ ಕೆಂಪು?"

"ಅಂದ್ರೆ... ಹಳೇ ಬೆಲ್ಲದ ಪಾಕದ ಥರ. ಸ್ವಲ್ಪ ಕಪ್ಪು."

"ನೊರೆ ಐತಾ?"

"ಇಲ್ಲ."

"ನಾತ? ಮೂಸಿ ನೋಡಿ."

ಅವತ್ತು ನಮ್ಮಮ್ಮ ನನ್ನನ್ನು ನೋಡಿದ್ದರೆ! ಮೂಸಿದೆ. ಅಂಥ ವಾಸನೆಯೇನೂ ಇರಲಿಲ್ಲ.

ಯಜಮಾನರು ಕಣ್ಣು ಮುಚ್ಚಿ ಯೋಚಿಸಿದರು. "ಈಲಿಗೆ ತಾಗೈತೆ. ಮೂರು ಎಲಡಿಕೆ."

ನನಗೆ ಅರ್ಥವಾಗಲಿಲ್ಲ. ಆಮೇಲೆ ವಿವರಿಸಿದರು. ಬಾಣ ತಾಗಿದ ಕೂಡಲೇ ಹಿಂದೆ ಓಡಿದರೆ ಪ್ರಾಣಿ ನಿಲ್ಲದೆ ಹರದಾರಿಗಟ್ಟಲೆ ಓಡುತ್ತದೆ, ಸಿಗುವುದಿಲ್ಲ. ಬಿಟ್ಟರೆ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ. ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ರಕ್ತ ಹೇಳುತ್ತದೆ. ನೊರೆಗೂಡಿದ ತಿಳಿಗೆಂಪಾದರೆ ಪುಪ್ಪುಸ, ಒಂದು ಎಲೆಅಡಿಕೆ ಅಗಿದು ಮುಗಿಸುವಷ್ಟು ಕಾದರೆ ಸಾಕು. ಕಪ್ಪುಗೆಂಪಾದರೆ ಈಲಿ, ಪಾಠದ ಪುಸ್ತಕದಲ್ಲಿ ನಾವು ಯಕೃತ್ತು ಎನ್ನುತ್ತಿದ್ದೆವು, ಅದಕ್ಕೆ ಮೂರು. ಹಸಿರು ಬೆರೆತು ನಾತ ಬಂದರೆ ಹೊಟ್ಟೆ. ಚೀಲದಲ್ಲಿದ್ದ ಎಲೆಯೆಲ್ಲ ಮುಗಿಯುವವರೆಗೂ ಕೂರಬೇಕು. ಗಡಿಯಾರ ನನ್ನ ಕೈಯಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ.

ಹೀಗೆ ನಾವು ಕೂತೆವು. ಅವರಿಬ್ಬರೂ ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿ ಅಗಿಯತೊಡಗಿದರು. ನಾನು ಎಲೆಅಡಿಕೆ ಹಾಕುವವನಲ್ಲ, ಹಾಗಾಗಿ ಚಿಂತೆ ಹಾಕಿಕೊಂಡೆ. ಅದು ಎಲ್ಲಿ ಬಿದ್ದಿದೆಯೋ, ನೀರಡಿಸಿದೆಯೋ, ನಾವು ಇಲ್ಲಿ ಸುಣ್ಣ ಸವರುತ್ತ ಕೂತಿರುವುದು ಅದಕ್ಕೆ ಗೊತ್ತಾಗಿದ್ದರೆ ಏನೆಂದುಕೊಂಡೀತು. ಮಾಂಸ ತಿನ್ನದವನಿಗೆ ಆ ಜಿಂಕೆ ಸಿಕ್ಕರೆಷ್ಟು, ಬಿಟ್ಟರೆಷ್ಟು ಎಂದು ಬೆಳಿಗ್ಗೆ ಅಂದುಕೊಂಡಿದ್ದವನು ನಾನು. ಈಗ ಅದು ಸಿಗದೆ ಹೋಗುವುದೇ ಎಲ್ಲಕ್ಕಿಂತ ಕೆಟ್ಟದ್ದು ಎನ್ನಿಸತೊಡಗಿತು.

ಎರಡನೆಯ ಎಲೆಅಡಿಕೆಗೆ ಭಾಮೈದನ ತಾಳ್ಮೆ ಮುಗಿಯಿತು. "ಕಾಲು ಜೋಮು ಹಿಡೀತು ಭಾವ, ಒಂಚೂರು ಅಡ್ಡಾಡ್ ಬತ್ತೀನಿ" ಎಂದು ಕೋವಿ ಎತ್ತಿಕೊಂಡು ಕಣಿವೆ ಇಳಿದ. ಯಜಮಾನರು ಬೈದರು. ಅವನು ಹೋಗಿಯಾಗಿತ್ತು.

ಮೂರು ಮುಗಿದ ಮೇಲೆ ಹೊರಟೆವು. ನಾನು ಮುಂದೆ, ಅವರು ಹಿಂದೆ. ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೆಯಬೇಕು ಎಂದರು. ಮೊದಲ ಹನಿ ಒಂದು ತಂಗಡಿ ಎಲೆಯ ಮೇಲೆ ಸಿಕ್ಕಿತು. ಎರಡನೆಯದು ಐದು ಹೆಜ್ಜೆ ಆಚೆ. ರಕ್ತ ಕಂಡಲ್ಲೆಲ್ಲ ಗುರುತು ಬಿಡಬೇಕು ಎಂದಾಗ ನನ್ನ ಜೇಬಿನಲ್ಲಿ ಯಾವಾಗಲೂ ಇರುವ ಸೀಮೆಸುಣ್ಣ ಕೆಲಸಕ್ಕೆ ಬಂತು. ಪಕ್ಕದ ಕಲ್ಲಿನ ಮೇಲೆ ಒಂದೊಂದು ವೃತ್ತ ಹಾಕಿ, ರೂಢಿಯ ಮೇಲೆ ಕೆಲವಕ್ಕೆ ನಂಬರನ್ನೂ ಹಾಕಿದೆ. ಮುತ್ತುಗದ ಮರ ಬಂದಾಗ ನೆಲವೆಲ್ಲ ಕೆಂಪು ಹೂವು. ಒಂದೊಂದನ್ನೇ ಸರಿಸಿ, ಅದರಡಿ ಅಡಗಿದ್ದ ಹನಿಯನ್ನೂ ಹುಡುಕಿದೆ. ನಂಬರ್ ಹನ್ನೊಂದು. ಇಷ್ಟು ವರ್ಷ ಕಾಣದ ಕೇಡನ್ನು ನೆಲದಲ್ಲಿ ಹುಡುಕುತ್ತಿದ್ದವನಿಗೆ ಕೊನೆಗೂ ಒಂದು ಕಾಣುವ ಕೇಡು ಸಿಕ್ಕಿತ್ತು. ತುಸು ಹೆಮ್ಮೆಯೇ ಆಯಿತು.

ಹದಿನಾಲ್ಕರ ನಂತರ ಕಲ್ಲುಹಾಸು. ರಕ್ತ ನಿಂತುಹೋಯಿತು. ಸುತ್ತ ಹುಡುಕಿದೆ. ಇಪ್ಪತ್ತು ಹೆಜ್ಜೆ ಕೆಳಗೆ, ಬಿಳಿ ಕಲ್ಲಿನ ಮೇಲೆ, ಅಂಗೈ ಅಗಲ ಕೆಂಪು! ಅದರ ಮುಂದೆ ಇನ್ನೊಂದು. ಅದರ ಮುಂದೆ ಮತ್ತೊಂದು.

"ಯಜಮಾನ್ರೇ! ಸಿಕ್ತು! ಬೇಕಾದಷ್ಟಿದೆ!"

ಅವರು ಬಂದು ಬಗ್ಗಿ, ಮೂಗು ಕಲ್ಲಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು. "ಹೌದು, ರಕ್ತನೇ. ನಡೀರಿ."

ನಡೆದೆವು. ಅಂಥ ಧಾರಾಳದ ಜಾಡನ್ನು ನಾನು ಹಿಂದೆ ಕಂಡಿರಲಿಲ್ಲ. ಮಧ್ಯಾಹ್ನದವರೆಗೆ ಯಾವ ಜಾಡನ್ನೂ ಕಂಡಿರಲಿಲ್ಲ ಎನ್ನುವುದು ಬೇರೆ ಮಾತು. ಮೈಲಿಯಷ್ಟು ನಡೆದಿರಬೇಕು. ಗುಂಡಿ, ದಿಣ್ಣೆ, ಒಂದು ಹಳೆಯ ಬೇಲಿ. ಸೀಮೆಸುಣ್ಣ ಬೆರಳಿನಷ್ಟಿದ್ದದ್ದು ಉಗುರಿನಷ್ಟಾಯಿತು. ಕೊನೆಗೆ ಜಾಡು ಒಂದು ಅತ್ತಿಮರದ ಬುಡಕ್ಕೆ ಹೋಗಿ ನಿಂತಿತು. ಮರಕ್ಕೆ ಒರಗಿ, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ಭಾಮೈದ ಅರ್ಧ ನಿದ್ದೆಯಲ್ಲಿದ್ದ. ನಮ್ಮನ್ನು ನೋಡಿದವನೇ ಪಕ್ಕಕ್ಕೆ ತಿರುಗಿ ಪಿಚಕ್ಕೆಂದು ಉಗುಳಿದ. ಕಲ್ಲಿನ ಮೇಲೆ ಅಂಗೈ ಅಗಲ ಕೆಂಪು.

ನಾನು ಆ ಕೆಂಪನ್ನು ನೋಡಿದೆ. ಕೈಯಲ್ಲಿದ್ದ ಸೀಮೆಸುಣ್ಣ ನೋಡಿದೆ. ಅವನು ನಾವು ಬಂದ ದಾರಿಯ ಉದ್ದಕ್ಕೂ ಕಲ್ಲುಗಳ ಮೇಲಿದ್ದ ಬಿಳಿ ವೃತ್ತಗಳನ್ನು ನೋಡಿದ.

"ಅಯ್ಯಯ್ಯಪ್ಪಾ! ನನ್ ಎಂಜಲಿಗೆ ನಂಬರ್ ಹಾಕ್ಕಂಡ್ ಬಂದೀರೇನ್ರೀ ಮೇಷ್ಟ್ರೇ! ಇನ್ನೊಂದು ನಾಲ್ಕು ಎಲೆ ಹಾಕಿದ್ದಿದ್ರೆ ಚೌಳಹಿರಿಯೂರಿಗೇ ಬತ್ತಿದ್ರಲ್ಲ!" ಅವನು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಉರುಳಿದ. "ಭಾವ, ನೀನೂ ಜೊತೇಲಿದ್ಯಲ್ಲ? ನಿಂಗೂ ಗೊತ್ತಾಗ್ಲಿಲ್ವಾ?"

ನಾನು ಯಜಮಾನರ ಕಡೆ ತಿರುಗಿದೆ. ಅವರ ಮುಖ ನೋಡಿದಾಗ ಎಲ್ಲ ಒಂದಕ್ಕೊಂದು ಕೂಡಿಬಂತು. ಹೊಂಗೆ ಮರದ ಬಲಕ್ಕೆ ಮುಗಿದ ಕೈ. "ಬಣ್ಣ ಹೇಳಿ" ಎಂದದ್ದು. ಮೂಗು ತಾಗುವಷ್ಟು ಬಗ್ಗಿ ನೋಡಿ ರಕ್ತವೆಂದದ್ದು. ಓಡುವ ಜಿಂಕೆಯ ಆಕಾರ ಅವರಿಗೆ ಕಾಣುತ್ತಿತ್ತು. ಮಣ್ಣಿನ ಮೇಲಿನ ಕೆಂಪು ಕಾಣುತ್ತಿರಲಿಲ್ಲ. ಹಿಂದಿನ ವರ್ಷದ ಜಿಂಕೆ ಕೈತಪ್ಪಿದ್ದೂ ಇದಕ್ಕೇ. ಇದು ಭಾಮೈದನಿಗೆ ತಿಳಿದರೆ ಸಂಜೆಗೆ ಊರಿಗೆ ತಿಳಿಯುತ್ತದೆ; ಕಣ್ಣು ಕಾಣದವರ ಕೈಯಲ್ಲಿ ಊರು ಬಿಲ್ಲು ಉಳಿಸುವುದಿಲ್ಲ, ಆಮೇಲೆ ಈ ಜಿಂಕೆ ಸಿಕ್ಕರೂ ಬಿಲ್ಲು ಗುಡಿಗೇ.

"ಅವರು ಬೇಡ ಬೇಡ ಅಂದ್ರು" ಎಂದೆ. "ನಾನೇ ಕೇಳ್ಲಿಲ್ಲ. ಹಟ ಮಾಡಿ ಕರ್ಕೊಂಡ್ ಬಂದೆ."

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಬಿಸಿಯಾಗುತ್ತದೆ. ಪುಣ್ಯಕ್ಕೆ ಅವಮಾನಕ್ಕೂ ನನ್ನ ಕಿವಿ ಹಾಗೇ ಬಿಸಿಯಾಗುತ್ತದೆ.

"ಎಲಡಿಕೆ ಮೇಷ್ಟ್ರು!" ಎಂದು ಭಾಮೈದ ಅಲ್ಲೇ ನಾಮಕರಣ ಮಾಡಿದ.

ವಾಪಸ್ ಹದಿನಾಲ್ಕನೆಯ ವೃತ್ತಕ್ಕೆ ಬಂದಾಗ ನೆರಳು ಉದ್ದವಾಗಿತ್ತು. ಹೊತ್ತು ಮುಳುಗಲು ಹೆಚ್ಚೇನೂ ಉಳಿದಿರಲಿಲ್ಲ. ಭಾಮೈದನನ್ನು ಯಜಮಾನರು ಮೇಲೆಯೇ ಕೂರಿಸಿ, ಬಾಯಲ್ಲಿದ್ದುದನ್ನು ಉಗುಳಿಸಿ, ಬಾಯಿ ತೊಳೆಸಿದ್ದರು. ಕಲ್ಲುಹಾಸಿನ ಮೇಲೆ ನಾವಿಬ್ಬರೇ.

"ರಕ್ತ ಇಲ್ಲ ಯಜಮಾನ್ರೇ" ಎಂದೆ.

"ಇಲ್ದಿದ್ರೆ ಬಿಡಿ" ಎಂದರು ಮೆಲ್ಲಗೆ. "ಕೆಂಪು ಬಿಡಿ ಈಗ. ಅದಕ್ಕೆ ನೋವಾಗೈತೆ, ಭಯ ಆಗೈತೆ. ಹಿಂದೆ ಯಾರೋ ಬತ್ತಾವ್ರೆ ಅಂತ ಗೊತ್ತು. ನೀವಾಗಿದ್ರೆ ಎಲ್ಲಿಗೆ ಹೋಯ್ತಿದ್ರಿ?"

ಇಪ್ಪತ್ತನಾಲ್ಕು ವರ್ಷ ಕಾದಿದ್ದ ಪ್ರಶ್ನೆ ಇದು. ಹೆದರಿದವರು ಎಲ್ಲಿಗೆ ಹೋಗುತ್ತಾರೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಕಲ್ಲಿನ ಮೇಲೆ ನಿಂತು ಸುತ್ತ ನೋಡಿದೆ. ಮೇಲಕ್ಕೆ ಹೋಗುವುದಿಲ್ಲ, ಏದುಸಿರು. ಬಯಲಿಗೆ ಹೋಗುವುದಿಲ್ಲ, ಎಲ್ಲರಿಗೂ ಕಾಣುತ್ತೇನೆ. ಎಡಗಡೆಯ ದಟ್ಟ ಪೊದೆಗೂ ಹೋಗುವುದಿಲ್ಲ. ಅದರೊಳಗೆ ಮೊದಲೇ ಇನ್ನೇನಿದೆಯೋ. ಬೆನ್ನಿಗೆ ಒಂದು ಆಸರೆ ಬೇಕು. ಬಂದ ದಾರಿ ಕಾಣಬೇಕು. ಬಾಯಿ ಒಣಗಿದೆ, ನೀರಿನ ವಾಸನೆಯಾದರೂ ಬರಬೇಕು. ಕೆಳಗೆ ಕೆರೆಯ ಹಿನ್ನೀರಿನ ಅಂಚಿನಲ್ಲಿ ಒಂದು ಸೀಳುಬಂಡೆ, ಅದರ ಮುಂದೆ ಕಾರೆಗಿಡ. ಮದುವೆ ಮನೆಗಳಲ್ಲಿ ನಾನು ಕೂರಲು ಹುಡುಕುವ ಕಂಬದ ಮೂಲೆ ಅದು, ತದ್ರೂಪ.

"ಅಲ್ಲಿ" ಎಂದೆ.

ದಾರಿಯಲ್ಲಿ, ತೊಡೆಯೆತ್ತರದ ಹುಲ್ಲಿನ ಗರಿಯ ಒಳಮಗ್ಗುಲಿಗೆ, ಸವರಿದಂತೆ ಒಂದು ಕಪ್ಪುಗೆಂಪು ಗೆರೆ. ಆಮೇಲೆ ಇನ್ನೊಂದು. ಸೀಮೆಸುಣ್ಣ ಮುಗಿದಿತ್ತು.

ಜಿಂಕೆ ಬಂಡೆಗೆ ಬೆನ್ನು ಕೊಟ್ಟು, ಮುಖ ನಾವು ಬರುವ ದಾರಿಯತ್ತ ಮಾಡಿ ಮಲಗಿತ್ತು. ಯಜಮಾನರು ನನ್ನನ್ನು ತಡೆದು, ತಾವು ಬಂಡೆ ಸುತ್ತಿ ಹಿಂದಿನಿಂದ ಹೋಗಿ, ಬಿಲ್ಲಿನ ತುದಿಯಿಂದ ಅದರ ಕಣ್ಣನ್ನು ಮುಟ್ಟಿದರು. ಮಿಟುಕಲಿಲ್ಲ. ಸತ್ತು ಬಹಳ ಹೊತ್ತಾಗಿತ್ತು. ನಾವು ಕೂತು ಕಾದ ಹೊತ್ತಿನಲ್ಲೇ ಹೋಗಿರಬೇಕು ಎಂದರು. ಕೆರೆಯಿಂದ ಬೊಗಸೆಯಲ್ಲಿ ನೀರು ತಂದು ಅದರ ಬಾಯಿಗೆ ಬಿಟ್ಟರು, ಒಂದು ಹಿಡಿ ಹಸಿರು ಹುಲ್ಲು ಇಟ್ಟರು. ಆಮೇಲೆ ಎದ್ದು ಹಣೆ ಒರೆಸಿಕೊಂಡರು. ಸೂರ್ಯ ಗುಡ್ಡದ ಮೇಲೆ ಇನ್ನೂ ಒಂದು ಆಳೆತ್ತರ ಇದ್ದ.

"ಮೇಷ್ಟ್ರೇ, ಬಿಳಿ ಕಾಣ್ತದೆ" ಎಂದರು, ನನ್ನ ಕಡೆ ನೋಡದೆ. "ನಿಮ್ ಸೀಮೆಸುಣ್ಣ ಎಲ್ಲಾ ಕಾಣ್ತಿತ್ತು. ಕೆಂಪು ಮಾತ್ರ ಎರಡು ವರ್ಷದಿಂದ ಮಣ್ಣಾಗ್‌ಬಿಟ್ಟೈತೆ."

"ನಾನು ಯಾರಿಗೂ ಹೇಳಲ್ಲ" ಎಂದೆ.

ಕಟ್ಟಳೆಯ ಪ್ರಕಾರ ಹುಡುಕಿದವನಿಗೆ ಒಂದು ಮುಂದೊಡೆ. ಲಿಂಗ ಕಟ್ಟಿದವನಿಗೆ ಅದನ್ನು ಕೊಡುವುದು ಹೇಗೆ, ಕೊಡದಿರುವುದು ಹೇಗೆ ಎಂದು ಊರಿನ ಹಿರಿಯರು ಅಂಗಳದಲ್ಲಿ ಚರ್ಚೆಗೆ ಕೂತರು. ಯಜಮಾನತಿ ಒಳಗಿನಿಂದ ತಕ್ಕಡಿ ತಂದಳು. ಒಂದು ತಟ್ಟೆಗೆ ತೊಡೆ, ಇನ್ನೊಂದಕ್ಕೆ ಹಬ್ಬದ ಹೋಳಿಗೆ. ಮುಳ್ಳು ಸಮವಾಗುವವರೆಗೆ ಪೇರಿಸುತ್ತಲೇ ಹೋದಳು. "ಆ ತಟ್ಟೆ ನನ್ ತಮ್ಮನಿಗೆ, ಈ ತಟ್ಟೆ ಮೇಷ್ಟ್ರಿಗೆ. ನ್ಯಾಯ ಮುಗೀತು, ಎದ್ದೇಳಿ" ಎಂದಳು. ನಾಲ್ಕು ದಿನ ಮೂರು ಹೊತ್ತೂ ಹೋಳಿಗೆ ತಿಂದೆ. ಐದನೆಯ ದಿನ ಹೊಟ್ಟೆ ಕೆಟ್ಟಾಗ ಸ್ವಾಮಿಗಳ ಶಾಪವೇ ಎಂದು ಹೆದರಿದೆ.

ಬಿಲ್ಲು ಬಾಗಿಲ ಮೇಲೇ ಉಳಿಯಿತು. ಸ್ವಲ್ಪ ಕಾಲಕ್ಕೆ ಕಾನೂನು ಬಂತು, ಹೊಸತೊಡಕಿನ ಬೇಟೆ ನಿಂತಿತು, ಅದು ಗಿಣಿ ಹೆದರಿಸುವುದಕ್ಕೆ ಮಾತ್ರ ಕೆಳಗಿಳಿಯುತ್ತಿತ್ತು. ನನಗೆ ತರೀಕೆರೆಗೆ ವರ್ಗವಾಯಿತು. ಎಲಡಿಕೆ ಮೇಷ್ಟ್ರು ಎಂಬ ಹೆಸರು ನನಗಿಂತ ಮೊದಲೇ ಬಸ್ಸು ಹತ್ತಿ ಅಲ್ಲಿಗೆ ತಲುಪಿತ್ತು. ಆದರೆ ನನ್ನನ್ನು ಕಾಡಿದ್ದು ಹೆಸರಲ್ಲ, ಗುಟ್ಟು. ಭಾಮೈದ ಎದುರಾದಾಗಲೆಲ್ಲ ಎಲ್ಲಿ ಬಾಯಿ ತಪ್ಪುತ್ತೇನೋ ಎಂದು ಮಳೆ, ರಾಗಿ, ಬಸ್ಸು ಎಂದು ಏನೇನೋ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದ ನಡುವಿನಲ್ಲಿ ಕಡೂರಿನಲ್ಲಿ ಕಣ್ಣಿನ ಕ್ಯಾಂಪ್ ಆಯಿತು. ಯಜಮಾನತಿಯ ಒತ್ತಾಯಕ್ಕೆ ಯಜಮಾನರು ಪೊರೆ ತೆಗೆಸಿಕೊಂಡರು. ಕಟ್ಟು ಬಿಚ್ಚಿ ದಪ್ಪ ಕನ್ನಡಕ ಹಾಕಿದ ದಿನ ನಾನೂ ಹೋಗಿದ್ದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು.

"ಕೂದ್ಲು ಎಲ್ಲಿ ಮೇಷ್ಟ್ರೇ?"

"ಚಿಂತೆ ತಿಂದ್‌ಬಿಡ್ತು."

ವರಾಂಡದಲ್ಲಿ ನಡೆಯುತ್ತಿದ್ದವರು ತಟ್ಟನೆ ನಿಂತು, ಗೋಡೆಯ ಬುಡಕ್ಕೆ ಬಗ್ಗಿದರು. "ಇದು ಎಲಡಿಕೆ. ಸುಣ್ಣ ಜಾಸ್ತಿ ಆಗೈತೆ." ನಾಲ್ಕು ಹೆಜ್ಜೆ ಆಚೆ ಮೆಟ್ಟಿಲ ಮೇಲೆ ಇನ್ನೊಂದು. ಈ ಸಲ ಅವರು ಮುಂದೆ, ನಾನು ಹಿಂದೆ. ಜಾಡು ಹಿಡಿದು ಹೋದರೆ ಕಾಂಪೌಂಡಿನ ಬೇವಿನ ಮರದ ಕೆಳಗೆ ಭಾಮೈದ ಕೂತಿದ್ದ.

"ಲೇ, ಅವತ್ತು ನಿನ್ನ ಉಗುಳನ್ನ ರಕ್ತ ಅಂದಿದ್ದು ಮೇಷ್ಟ್ರಲ್ಲ ಕಣೋ, ನಾನು. ನಂಗೆ ಕಣ್ಣು ಕಾಣ್ತಿರ್ಲಿಲ್ಲ" ಎಂದರು ಯಜಮಾನರು.

ಭಾಮೈದ ಬಾಯಲ್ಲಿದ್ದುದನ್ನು ನಿಧಾನವಾಗಿ ಉಗುಳಿದ. "ಅವತ್ತೇ ಗೊತ್ತಾಯ್ತು ಭಾವ. ನಾನು ಹೇಳಿದ್ರೆ ಬಿಲ್ಲು ಹೋಯ್ತಿತ್ತು, ಅಕ್ಕ ನನ್ನ ಮನೆಗೆ ಸೇರಿಸ್ತಿರ್ಲಿಲ್ಲ. ಅದಕ್ಕೇ ಮೇಷ್ಟ್ರಿಗೆ ಹೆಸರಿಟ್ಟೆ. ಜನ ಅವರನ್ನ ನೋಡಿ ನಗ್ತಿದ್ರೆ ನಿನ್ನ ಯಾರು ನೋಡ್ತಾರೆ?"

ಇಬ್ಬರೂ ನಗತೊಡಗಿದರು. ಹನ್ನೆರಡು ಹದಿಮೂರು ವರ್ಷ ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಕಾಯಲು ನಾನು ಕಳೆದುಕೊಂಡ ನಿದ್ದೆಯನ್ನು ನೆನೆದು, ನಗಬೇಕೋ ಬೇಡವೋ ತಿಳಿಯದೆ, ಅವರ ಪಕ್ಕದಲ್ಲಿ ಕೂತೆ. ಕೂರುವ ಮೊದಲು ಜಾಗ ನೋಡಿಕೊಂಡೆ. ಅಲ್ಲೂ ಕೆಂಪಿತ್ತು.